ಬೋರ್ಡಿಲ್ಲದ ಖಾನಾವಳಿ

ಹೇಮಾವತಿ ತನ್ನ ಸ್ವಂತ ತಂಗಿಯ ಮನೆಯಲ್ಲಿ ಒಂದು ತುತ್ತು ಬಾಯಿಗಿಟ್ಟು ಹನ್ನೊಂದು ವರ್ಷವಾಗಿತ್ತು. ಹಾಗೆಂದು ಮಾತು ಬಿಟ್ಟಿರಲಿಲ್ಲ. ಯಲಬುರ್ಗಾದಿಂದ ಬಸ್ಸು ಹತ್ತಿ ಕುಷ್ಟಗಿಗೆ ಹೋಗುತ್ತಿದ್ದಳು, ಅನುಸೂಯಾಳ ಪಡಸಾಲೆಯಲ್ಲಿ ಕೂರುತ್ತಿದ್ದಳು, ಊರ ಸುದ್ದಿಯನ್ನೆಲ್ಲ ಆಡುತ್ತಿದ್ದಳು. ಒಳಗಿನಿಂದ ತಾಟು ಬಂದ ಕೂಡಲೇ ಮಾತ್ರ, "ಈಗರ ಉಂಡು ಬಂದೀನಿ, ಬ್ಯಾಡ" ಎಂದು ಸೆರಗು ಸರಿಪಡಿಸಿಕೊಂಡು ಏಳುತ್ತಿದ್ದಳು. ಚಹಾ ಕೊಟ್ಟರೆ ಪಿತ್ತ, ನೀರು ಕೊಟ್ಟರೆ ಗಂಟಲು ನೋವು. ಹನ್ನೊಂದು ವರ್ಷ ಒಂದೇ ಗಂಟಲು ನೋವನ್ನು ಕಾಪಾಡಿಕೊಂಡು ಬರುವುದು ಸುಲಭದ ಮಾತಲ್ಲ.

ಇದಕ್ಕೆಲ್ಲ ಮೂಲ ಅನುಸೂಯಾಳ ಮಗ ದುರಗೇಶನ ಮದುವೆ. ಅವತ್ತು ಹೇಮಾವತಿ ಹೊಸ ಇಳಕಲ್ ಸೀರೆ ಉಟ್ಟು, ಶಾಮಿಯಾನದ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದಳು. ವಧೂವರರ ಮೇಲೆ ಅಕ್ಕಿಕಾಳು ಬಿದ್ದವು, ಊಟದ ಮೊದಲ ಪಂಕ್ತಿ ಕೂತಿತು. ತಮ್ಮವರೇ ಆದರೂ ಮನೆಯವರು ಬಂದು "ಏಳ್ರಿ, ಊಟಕ್ಕ ನಡೀರಿ" ಎನ್ನದೆ ಎಲೆಯ ಮುಂದೆ ಕೂರುವುದು ನಮ್ಮ ಕಡೆ ಮರ್ಯಾದೆಯಲ್ಲ. ಹೇಮಾವತಿ ಆ ಒಂದು ಮಾತಿಗಾಗಿ ಕಾದಳು. ಬೀಗರನ್ನು ಕರೆದರು. ಬೀಗರ ಜೀಪಿನ ಡ್ರೈವರನನ್ನು ಕರೆದರು. ಬಾಜಾ ಬಾರಿಸಿದವರನ್ನೂ ಕರೆದರು. ಅನುಸೂಯಾ ಎರಡು ಸಲ ಎದುರಿಗೇ ಹಾದುಹೋದಳು, ಅಕ್ಕನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಮೂರು ಗಂಟೆಗೆ ಶಾಮಿಯಾನ ಬಿಚ್ಚುವ ಆಳುಗಳು ಬಂದು "ಯವ್ವಾ, ಕುರ್ಚಿ ಬಿಡ್ರಿ" ಎಂದಾಗ ಹೇಮಾವತಿ ಎದ್ದಳು. ನೇರ ಬಸ್ ಸ್ಟ್ಯಾಂಡಿಗೆ ಹೋಗಿ ಯಲಬುರ್ಗಾ ಬಸ್ಸು ಹತ್ತಿದಳು. ಮನೆಯಲ್ಲಿ ತಂಗಳ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ತಿನ್ನುತ್ತ ಆಣೆ ಹಾಕಿಕೊಂಡಳು: ಆಕೆಯ ಕೈಯಿಂದ ಇನ್ನು ನನ್ನ ಬಾಯಿಗೆ ಏನೂ ಹೋಗಕೂಡದು. ಅವಳ ಗಂಡ ಕಾಶಿನಾಥ ಅದೇ ಮದುವೆಯಲ್ಲಿ ಯಾರೂ ಕರೆಯದೆಯೇ ಎರಡನೇ ಪಂಕ್ತಿಯಲ್ಲಿ ಕೂತು ನಾಲ್ಕು ಹೋಳಿಗೆ ತಿಂದು ಎದ್ದಿದ್ದ. ಹಸಿವಾದಾಗ ಗಂಡಸರಿಗೆ ಮಾನದ ನೆನಪಿರುವುದಿಲ್ಲ ಎಂಬುದು ಹೇಮಾವತಿಯ ಖಾಯಂ ಅಭಿಪ್ರಾಯ.

ಈಗ ಅನುಸೂಯಾಳ ಮಗಳು ದೀಪಿಕಾಳ ಮದುವೆ ಗೊತ್ತಾಗಿತ್ತು. ದೀಪಿಕಾ ಎಂದರೆ ಹೇಮಾವತಿಗೆ ಜೀವ. ಸಣ್ಣವಳಿದ್ದಾಗ ಐದು ವರ್ಷ ಯಲಬುರ್ಗಾದ ಈ ಮನೆಯಲ್ಲೇ ಇದ್ದು ಸಾಲಿ ಕಲಿತವಳು. ಆ ಹುಡುಗಿ ಬಂದು, ದೊಡ್ಡವ್ವನ ಎರಡೂ ಕೈ ಹಿಡಿದುಕೊಂಡು, "ದೊಡ್ಡವ್ವಾ, ನನ್ನ ಮದುವ್ಯಾಗ ನೀ ಉಣ್ಣಲಿಲ್ಲ ಅಂದ್ರ ನಾ ಅಕ್ಕಿಕಾಳಿಗೆ ನಿಲ್ಲಂಗಿಲ್ಲ" ಎಂದಳು.

"ಬರ್ತೀನಿ. ಅಕ್ಕಿಕಾಳ ಹಾಕ್ತೀನಿ. ಊಟದ ಮಾತ ಎತ್ತಬ್ಯಾಡ" ಎಂದಳು ಹೇಮಾವತಿ.

ಹುಡುಗಿ ಕಣ್ಣೊರೆಸಿಕೊಂಡು ಹೋಯಿತು. ನಿಜ ಹೇಳಬೇಕೆಂದರೆ ಉಣ್ಣುವ ಆಸೆ ಹೇಮಾವತಿಗೂ ಇತ್ತು. ಸಾಕಿದ ಹುಡುಗಿಯ ಮದುವೆಯಲ್ಲಿ ಉಪವಾಸ ಕೂರುವುದೆಂದರೆ ಎಂಥ ಶಿಕ್ಷೆ. ಆದರೆ ಹನ್ನೊಂದು ವರ್ಷ ಹತ್ತಿ ಕೂತ ಹಟದಿಂದ ಕೆಳಗಿಳಿಯುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ಅದನ್ನು ಅರಿತವನು ಅನುಸೂಯಾಳ ಗಂಡ ಓಬಳೆಪ್ಪ. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಅವನೂ ಕಾಶಿನಾಥನೂ ಷಡ್ಡಕರಾದರೂ ಅಣ್ಣತಮ್ಮಂದಿರಂತೆ ಇದ್ದರು. ಒಂದು ದಿನ ಮೊಬೈಲಿನಲ್ಲಿ ಹಡಗಿನ ಪ್ರವಾಸದ ಜಾಹೀರಾತು ತೋರಿಸಿ, "ಮುಂಬೈದಾಗ ಹತ್ತೂದು, ಕೊಚ್ಚಿ ನೋಡೂದು, ಹೊಳ್ಳಿ ಬರೂದು. ಐದ ದಿನ. ಇಬ್ಬರ್ನೂ ಕರ್ಕೊಂಡು ಹೋಗೂಣ, ಅಣ್ಣಾರ. ಹಡಗಿನಾಗಿಂದ ಇಳದು ಯಾವ ಬಸ್ಸ ಹತ್ತತಾರ ನೋಡೂಣ" ಎಂದ. ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಎಲ್ಲದಕ್ಕೂ ಮೇಲಿನವರ ಸಹಿ ಕಾದು ರೂಢಿಯಾಗಿದ್ದ ಕಾಶಿನಾಥ, ಜೀವನದಲ್ಲಿ ಮೊದಲ ಸಲ ಯಾರನ್ನೂ ಕೇಳದೆ ಹೂಂ ಎಂದ.

ಹಾಗೆ ನಾಲ್ವರೂ ಕೊಪ್ಪಳದಲ್ಲಿ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಇನ್ನೊಂದು ರೈಲು ಹಿಡಿದು ಮುಂಬೈ ಬಂದರಿಗೆ ಬಂದರು. ಅಕ್ಕತಂಗಿಯರು ಒಬ್ಬರಿಗೊಬ್ಬರು ಹೇಳದೆ ಒಂದೊಂದು ಚೀಲ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಕರಿದ ಮೆಣಸಿನಕಾಯಿ. ಎರಡೂ ಚೀಲದಲ್ಲಿ ಅದೇ. ತಪಾಸಣೆಯವರು ಮನೆಯ ಅಡುಗೆ ಒಳಗೆ ಬಿಡುವಂತಿಲ್ಲ ಎಂದು ಎರಡನ್ನೂ ಪಕ್ಕಕ್ಕಿಟ್ಟರು. "ಸಾಹೇಬ್ರ, ಈ ರೊಟ್ಟಿ ತಿಂಗಳಿಟ್ರೂ ಕೆಡಂಗಿಲ್ಲ" ಎಂದು ಓಬಳೆಪ್ಪ ಅಚ್ಚ ಕನ್ನಡದಲ್ಲಿ ವಾದಿಸಿದ. ಸಾಹೇಬ ಮರಾಠಿಯಲ್ಲಿ ಇಲ್ಲವೆಂದ. ಅಲ್ಲಿಗೆ ರೊಟ್ಟಿಯ ಋಣ ತೀರಿತು.

ಹಡಗೇನೋ ಚೆನ್ನಾಗಿತ್ತು. ನಾಲ್ಕು ಕಲ್ಯಾಣ ಮಂಟಪಗಳನ್ನು ಒಂದರ ಮೇಲೊಂದು ಹೇರಿದಂತಿತ್ತು. ಊಟದ ಕೋಣೆಯಲ್ಲಿ ಐವತ್ತು ಬಗೆ ಸಾಲಾಗಿ ಇಟ್ಟಿರುತ್ತಿದ್ದರು, ಬೇಕಾದವರು ಬೇಕಾದ್ದು ಬಡಿಸಿಕೊಳ್ಳಬೇಕು. ಯಾರೂ ಯಾರನ್ನೂ ಕರೆಯುವಂತಿಲ್ಲ, ಆದ್ದರಿಂದ ಹೇಮಾವತಿಗೆ ಅಲ್ಲಿ ಉಣ್ಣಲು ಅಡ್ಡಿಯಿರಲಿಲ್ಲ. ಎಲ್ಲದಕ್ಕೂ ಬೆಣ್ಣೆ ಹಾಕಿದ್ದರು, ಯಾವುದಕ್ಕೂ ಖಾರ ಹಾಕಿರಲಿಲ್ಲ. ಮೊದಲ ದಿನ ಅನುಸೂಯಾ ಒಂದು ತಾಟಿಗೆ ಅನ್ನ, ಸಾರು, ಹಪ್ಪಳ ಹಾಕಿಕೊಂಡು ಬಂದು ಅಕ್ಕನ ಮುಂದಿಟ್ಟಳು. ಹೇಮಾವತಿ ಎದ್ದು ಹೋಗಿ ಬೇರೆ ತಾಟು ತಂದು, ತಾನೇ ಬಡಿಸಿಕೊಂಡು ಉಂಡಳು. ಅನುಸೂಯಾ ತಂದ ತಾಟು ಮೇಜಿನ ನಡುವೆ ಆರಿತು. ಓಬಳೆಪ್ಪ ಕಾಶಿನಾಥನ ಮುಖ ನೋಡಿದ, ಕಾಶಿನಾಥ ಸಮುದ್ರ ನೋಡಿದ.

ಮೂರನೆಯ ದಿನ ಮುಂಜಾನೆ ಹಡಗು ಕೊಚ್ಚಿ ಬಂದರಿಗೆ ಬಂತು. ಮಧ್ಯಾಹ್ನ ಮೂರು ಗಂಟೆಯೊಳಗೆ ಎಲ್ಲರೂ ವಾಪಸು ಬರಬೇಕು, ಬರದವರಿಗೆ ಕಾಯುವುದಿಲ್ಲ ಎಂದು ಮೈಕಿನಲ್ಲಿ ಮೂರು ಭಾಷೆಯಲ್ಲಿ ಹೇಳಿದರು. ಉಳಿದವರು ಏರ್ ಕಂಡೀಷನ್ ಬಸ್ಸಿನಲ್ಲಿ ಊರು ನೋಡಲು ಹೋದರು. ನಮ್ಮ ನಾಲ್ವರಿಗೆ ಊರಿಗಿಂತ ಊಟ ನೋಡುವ ತರಾತುರಿ. ಆಟೊದವನು ಗಾಜಿನ ಬಾಗಿಲಿನ ದೊಡ್ಡ ಹೋಟೆಲಿನ ಮುಂದೆ ಇಳಿಸಿದ. ಒಳಗೆ ಬಂದ ಹೇಮಾವತಿ ಮೇಜಿನ ಮೇಲಿನ ಪಟ್ಟಿಯನ್ನು ತಿರುವಿದಳು. ಪ್ರತಿ ತಿಂಡಿಗೂ ಒಂದು ಬಣ್ಣದ ಫೋಟೊ.

"ಫೋಟೊ ಹಿಡದು ಊಟ ಮಾರಾಕತ್ಯಾರ. ಏಳ್ರಿ" ಎಂದಳು.

ಓಣಿಯಿಂದ ಓಣಿಗೆ ನಡೆದರು. ಹನ್ನೆರಡು ದಾಟಿತ್ತು, ಬೆವರು ಇಳಿಯುತ್ತಿತ್ತು. ಆಗ ಹೇಮಾವತಿಯ ಮೂಗಿಗೆ ಒಗ್ಗರಣೆಯ ವಾಸನೆ ತಾಗಿತು. ಸಾಸಿವೆ, ಕರಿಬೇವು, ಹಸಿ ಕೊಬ್ಬರಿ. ವಾಸನೆ ಹಿಡಿದು ತಿರುಗಿದರೆ ಒಂದು ಹೆಂಚಿನ ಮನೆ. ಬಾಗಿಲಲ್ಲಿ ಮೂವತ್ತು ನಲವತ್ತು ಜೊತೆ ಚಪ್ಪಲಿ. ಅಂಗಳದಲ್ಲಿ ಕೈ ತೊಳೆಯಲು ನಲ್ಲಿ. ಉಂಡವರು ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದರು. ಒಳಗೆ ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಬಾಳೆ ಎಲೆ.

"ಇಲ್ನೋಡ್ರಿ, ಖಾನಾವಳಿ" ಎಂದಳು ಹೇಮಾವತಿ, ಗೆದ್ದವಳ ದನಿಯಲ್ಲಿ.

"ಬೋರ್ಡ್ ಇಲ್ಲಲ್ಲ" ಎಂದ ಕಾಶಿನಾಥ.

"ಶರಣಬಸಮ್ಮನ ಖಾನಾವಳಿಗೆ ಬೋರ್ಡ್ ಐತೇನು?"

ಯಲಬುರ್ಗಾದ ಶರಣಬಸಮ್ಮ ಇಪ್ಪತ್ತು ವರ್ಷದಿಂದ ತನ್ನ ಪಡಸಾಲೆಯಲ್ಲೇ ರೊಟ್ಟಿ ಊಟ ಹಾಕುತ್ತಾಳೆ. ಬೋರ್ಡಿಲ್ಲ, ರೊಕ್ಕದ ಗಲ್ಲೆಯಿಲ್ಲ, ಹೊಸ್ತಿಲಲ್ಲಿ ಚಪ್ಪಲಿ ಹೆಚ್ಚಿದ್ದರೆ ಊಟ ಇದೆ, ಇಲ್ಲದಿದ್ದರೆ ತೀರಿದೆ ಎಂದು ಅರ್ಥ. ನಮ್ಮ ಕಡೆಯ ಅರ್ಧ ಖಾನಾವಳಿಗಳು ಹೀಗೆಯೇ. ಆ ಲೆಕ್ಕದಲ್ಲಿ ಈ ಮನೆ ಕೊಚ್ಚಿಯ ಅತ್ಯುತ್ತಮ ಖಾನಾವಳಿ ಎನ್ನುವುದರಲ್ಲಿ ಸಂಶಯವೇ ಇರಲಿಲ್ಲ.

ಚಪ್ಪಲಿ ಬಿಟ್ಟರು, ಕೈ ತೊಳೆದರು, ಖಾಲಿ ಇದ್ದ ನಾಲ್ಕು ಕುರ್ಚಿಯಲ್ಲಿ ಕೂತರು. ಗಂಡಸರಿಬ್ಬರು ಆ ಕಡೆ, ಅಕ್ಕತಂಗಿಯರು ಈ ಕಡೆ. ಬಾಗಿಲಲ್ಲಿದ್ದ ತರುಣನೊಬ್ಬ ನಗುತ್ತ ತಲೆಬಾಗಿದ. ಒಳ್ಳೆ ಸಂಸ್ಕಾರವಂತ ಖಾನಾವಳಿ ಎಂದುಕೊಂಡಳು ಹೇಮಾವತಿ. ಬಿಳಿ ಪಂಚೆ ಉಟ್ಟು, ಬರಿಮೈ ಮೇಲೆ ಶಲ್ಯ ಹಾಕಿಕೊಂಡ ಮುದುಕನೊಬ್ಬ ಬಕೆಟ್ಟು ಹಿಡಿದು ಬಡಿಸಲು ಬಂದ. ಅಷ್ಟು ವಯಸ್ಸಿನವನನ್ನು ಕೆಲಸಕ್ಕಿಟ್ಟುಕೊಂಡಿದ್ದಾರಲ್ಲ ಎಂದು ಅವಳಿಗೆ ಮರುಕವೂ ಆಯಿತು.

ಎಲೆ ತುಂಬುತ್ತ ಹೋಯಿತು. ದಪ್ಪ ಕೆಂಪಕ್ಕಿಯ ಅನ್ನ, ಅದರ ಮೇಲೆ ಬೇಳೆ ಮತ್ತು ತುಪ್ಪ. ಹತ್ತು ಬಗೆ ತರಕಾರಿಯನ್ನು ಕೊಬ್ಬರಿಯಲ್ಲಿ ಕಲಸಿದ ಒಂದು ಪಲ್ಯ. ಶುಂಠಿ ಬೆಲ್ಲ ಹಾಕಿ ಕುದಿಸಿದ ಕರಿ ಗೊಜ್ಜು. ಹಳದಿ ಮಜ್ಜಿಗೆ ಸಾರು. ಬಾಳೆಕಾಯಿ ಚಿಪ್ಸು. ಲೋಟದಲ್ಲಿ ಬೆಚ್ಚಗಿನ ಗುಲಾಬಿ ಬಣ್ಣದ ನೀರು. ಓಬಳೆಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ, "ರೇಡಿಯೇಟರ್ ನೀರು ಕಂಡಂಗ ಕಾಣ್ತದ" ಎಂದ. ಪಕ್ಕದವರು ಕುಡಿದದ್ದನ್ನು ನೋಡಿದ ಮೇಲೆ ತಾನೂ ಕುಡಿದ.

ಮೊದಲ ತುತ್ತು ಬಾಯಿಗಿಟ್ಟಾಗ ಹೇಮಾವತಿಗೆ ಮೂರು ದಿನದ ಸಿಟ್ಟು ಇಳಿಯಿತು. ಅನ್ನ ಜಿಗುಟಿಲ್ಲ, ಒಂದೊಂದು ಅಗುಳೂ ಬಾಯಲ್ಲಿ ಗೊತ್ತಾಗುತ್ತದೆ. ಗೊಜ್ಜಿನಲ್ಲಿ ಖಾರವಿದೆ, ಸುಮ್ಮನೆ ಹೆಸರಿಗಲ್ಲ, ಮೂಗಿನಲ್ಲಿ ನೀರು ಬರುವಷ್ಟಿದೆ. ಕೊಬ್ಬರಿ ಪಲ್ಯವನ್ನು ಅವಳು ಮೂರು ಸಲ ಹಾಕಿಸಿಕೊಂಡಳು. ಖಾನಾವಳಿಯಲ್ಲಿ ಕೇಳಿ ಹಾಕಿಸಿಕೊಳ್ಳದಿದ್ದರೆ ಕೊಟ್ಟ ರೊಕ್ಕ ದಂಡ.

"ಏ ಯಣ್ಣಾ, ಇಲ್ಲಿ ಬಾ. ಪಲ್ಯಾ ಹಾಕು. ಅಂಜಿ ಅಂಜಿ ಹಾಕಬ್ಯಾಡ" ಎಂದು ಎಲೆಯ ಮೇಲೆ ಬೆರಳು ತಟ್ಟಿ ತೋರಿಸಿದಳು. ಮುದುಕ ಓಡೋಡಿ ಬಂದು ಹಾಕಿದ. "ಉಳ್ಳಾಗಡ್ಡಿ ಐತೇನು?" ಎಂದು ಕೈಯಲ್ಲಿ ಹೆಚ್ಚಿದಂತೆ ಮಾಡಿ ಕೇಳಿದಳು. ಅವನು ಒಳಗೆ ಹೋಗಿ, ಸ್ವಲ್ಪ ಹೊತ್ತಿನ ನಂತರ ಒಂದು ತಟ್ಟೆಯಲ್ಲಿ ಹೆಚ್ಚಿದ ಉಳ್ಳಾಗಡ್ಡಿ ತಂದಿಟ್ಟ. ಸುತ್ತ ಕೂತವರು ಆ ತಟ್ಟೆಯನ್ನು ಅಚ್ಚರಿಯಿಂದ ನೋಡಿದರು. ಅವರಾರ ಎಲೆಯ ಮೇಲೂ ಉಳ್ಳಾಗಡ್ಡಿ ಇರಲಿಲ್ಲ. ಹೇಮಾವತಿಗೆ ಅದು ತನ್ನ ಗತ್ತಿಗೆ ಸಿಕ್ಕ ಮರ್ಯಾದೆ ಎನಿಸಿತು.

"ಅಕ್ಕಾ, ಸಾವಕಾಶ ಉಣ್ಣು" ಎಂದಳು ಪಕ್ಕದಲ್ಲಿದ್ದ ಅನುಸೂಯಾ. ಅವಳಿಗೂ ಊಟ ರುಚಿಸಿತ್ತು. ಹನ್ನೊಂದು ವರ್ಷದ ನಂತರ ಅಕ್ಕನ ಪಕ್ಕದಲ್ಲಿ, ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದೇನೆ ಎಂಬುದು ಇನ್ನೂ ಹೆಚ್ಚು ರುಚಿಸಿತ್ತು.

ಓಬಳೆಪ್ಪನ ಊಟ ಎಲ್ಲರಿಗಿಂತ ಮೊದಲು ಮುಗಿಯಿತು. ಮೂವತ್ತು ವರ್ಷ ಹತ್ತು ನಿಮಿಷದ ಹಾಲ್ಟಿನಲ್ಲಿ ಉಂಡವನಿಗೆ ಸಾವಕಾಶವೆಂಬುದು ಬರುವುದಿಲ್ಲ. ಕೈ ತೊಳೆದು, ಬಾಗಿಲಲ್ಲಿದ್ದ ತರುಣನ ಬಳಿ ಹೋಗಿ, ಹೆಬ್ಬೆರಳು ತೋರುಬೆರಳು ತಿಕ್ಕಿ ರೊಕ್ಕ ಎಲ್ಲಿ ಕೊಡಬೇಕೆಂದು ಸನ್ನೆ ಮಾಡಿದ. ತರುಣ ನಾಚಿಕೊಂಡು ಒಳಕೋಣೆಯ ಕಡೆ ಕೈ ತೋರಿಸಿದ. ಅಲ್ಲಿ ಹಿತ್ತಾಳೆ ತಟ್ಟೆಯ ತುಂಬ ಹೆಸರು ಬರೆದ ಲಕೋಟೆಗಳು. ಅದರ ಪಕ್ಕದಲ್ಲಿ ದೀಪ. ದೀಪದ ಮುಂದೆ, ಸೊಂಟಕ್ಕೆ ಬಂಗಾರದ ಎಳೆ ಕಟ್ಟಿಕೊಂಡು, ಅಜ್ಜಿಯೊಬ್ಬಳ ತೊಡೆಯ ಮೇಲೆ ಕೂತ ಆರು ತಿಂಗಳ ಕೂಸು. ಅದರ ಗಲ್ಲಕ್ಕೆಲ್ಲ ಅನ್ನ ಮೆತ್ತಿತ್ತು.

ಮೂವತ್ತು ವರ್ಷದಲ್ಲಿ ಒಂದು ಕೋಳಿಯನ್ನೂ ಗಾಲಿಗೆ ಹಾಕದ ಓಬಳೆಪ್ಪನಿಗೆ ಆಗ ಬ್ರೇಕು ತಪ್ಪಿದಂತಾಯಿತು. ವಾಪಸು ಬಂದು ಹೇಮಾವತಿಯ ಕಿವಿಯ ಬಳಿ ಬಾಗಿದ.

"ಅಕ್ಕಾರ, ಇದು ಖಾನಾವಳಿ ಅಲ್ರಿ. ಮನಿ ಐತಿ. ಕೂಸಿಗೆ ಮೊದಲನೇ ಅನ್ನ ಉಣಸೂ ಕಾರ್ಯ ನಡದೈತಿ."

ಹೇಮಾವತಿಯ ಕೈ ಎಲೆಯ ಮೇಲೆಯೇ ನಿಂತಿತು. ಸುತ್ತ ನೋಡಿದಳು. ರೇಷ್ಮೆ ಸೀರೆಗಳು, ಮಲ್ಲಿಗೆ ಹೂವು, ಒಬ್ಬರ ಹೆಸರು ಒಬ್ಬರು ಕರೆದು ಮಾತಾಡುವ ಮಂದಿ. ಬಕೆಟ್ಟು ಹಿಡಿದ ಮುದುಕ ಮನೆಯ ಯಜಮಾನ. ಅವನನ್ನು ತಾನು ಏ ಯಣ್ಣಾ ಎಂದು ಕರೆದದ್ದು, ಬೆರಳು ತಟ್ಟಿದ್ದು, ಉಳ್ಳಾಗಡ್ಡಿ ತರಿಸಿದ್ದು ಎಲ್ಲ ಒಟ್ಟಿಗೆ ನೆನಪಾಗಿ ಅವಳ ಮುಖ ಕುಂಕುಮದಂತೆ ಕೆಂಪಾಯಿತು. ಸ್ವಂತ ತಂಗಿಯ ಮನೆಯಲ್ಲಿ ಕರೆಯಲಿಲ್ಲವೆಂದು ಹಸಿದು ಎದ್ದು ಬಂದವಳು, ಯಾರೆಂದು ಗೊತ್ತಿಲ್ಲದವರ ಮನೆಗೆ ನುಗ್ಗಿ ಮೂರು ಸಲ ಪಲ್ಯ ಹಾಕಿಸಿಕೊಂಡು ಉಂಡಿದ್ದಳು. ಭೂಮಿ ಬಾಯಿ ತೆರೆಯಬಾರದೇ ಎನಿಸಿತು. ಎಡಗೈಯಲ್ಲಿ ಸೆರಗು ಬಿಗಿಹಿಡಿದು ಎದ್ದು ನಿಂತಳು.

ಎಲೆಯ ಮೇಲೆ ಅರ್ಧ ಅನ್ನ ಬಿಟ್ಟು ಹೆಣ್ಣುಮಗಳೊಬ್ಬಳು ಎದ್ದದ್ದು ನೋಡಿ ಇಡೀ ಸಾಲು ಅವಳ ಕಡೆ ತಿರುಗಿತು. ಮುದುಕ ಪಾಯಸದ ಪಾತ್ರೆಯೊಂದಿಗೆ ಗಾಬರಿಯಿಂದ ಬಂದ. ಅವನು ಮಿಲಿಟರಿಯಲ್ಲಿದ್ದವನು, ಹಿಂದಿ ಬರುತ್ತಿತ್ತು. ಅಡುಗೆಯಲ್ಲಿ ಏನಾದರೂ ತಪ್ಪಾಯಿತೇ ಎಂದು ಕೇಳಿದ. ಕಾಶಿನಾಥ ಯಲಬುರ್ಗಾದ ಮಸೀದಿ ಓಣಿಯಲ್ಲಿ ಕಲಿತ ತನ್ನ ಉರ್ದುವನ್ನೆಲ್ಲ ಒಟ್ಟುಗೂಡಿಸಿ, ಹಡಗು, ಹಸಿವೆ, ಬಾಗಿಲಲ್ಲಿನ ಚಪ್ಪಲಿ, ಶರಣಬಸಮ್ಮ ಎಲ್ಲವನ್ನೂ ವಿವರಿಸಿ, ಕೊನೆಗೆ ಕೈಮುಗಿದು ಮಾಫಿ ಕೇಳಿದ.

ಮುದುಕ ಅದನ್ನೆಲ್ಲ ಮಲಯಾಳದಲ್ಲಿ ಒಳಗಿನವರಿಗೆ ಹೇಳಿದ. ನಗು ಅಡುಗೆಮನೆಯಿಂದ ಶುರುವಾಗಿ ಅಂಗಳದ ತನಕ ಹೋಯಿತು. ಸೊಸೆಯ ತವರು ಮುಂಬೈಯಲ್ಲಂತೆ. ಮನೆಯವರು ಈ ನಾಲ್ವರನ್ನು ಸೊಸೆಯ ಕಡೆಯವರೆಂದುಕೊಂಡಿದ್ದರು. ಸೊಸೆಯ ಕಡೆಯವರು, ಬಂದರಿನಲ್ಲಿ ಕೆಲಸ ಮಾಡುವ ತಮ್ಮ ಅಳಿಯನ ಜೊತೆಯವರಿರಬೇಕು ಎಂದುಕೊಂಡಿದ್ದರು. ಎರಡೂ ಕಡೆಯವರು ಪೈಪೋಟಿಯಲ್ಲಿ ಇವರಿಗೆ ಹೆಚ್ಚು ಹೆಚ್ಚು ಬಡಿಸಿದ್ದರು. ಮುದುಕ ಹೇಮಾವತಿಯ ಕಡೆ ತಿರುಗಿ, ಕೂಸಿನ ಊಟದ ದಿನ ಎಲೆ ಬಿಟ್ಟು ಏಳಬಾರದು ಬೆಹನ್‌ಜೀ, ಕೂತುಕೊಳ್ಳಿ ಎಂದ.

ಹೇಮಾವತಿ ಕೂರಲಿಲ್ಲ. ಕಣ್ಣು ನೆಲದಲ್ಲಿ ನೆಟ್ಟು, ಯಾರಿಗೂ ಅಲ್ಲ ಎಂಬಂತೆ, "ಕರೀಲಾರದ ಮನ್ಯಾಗ ಉಣ್ಣೂದು ನನ್ನಿಂದ ಆಗಂಗಿಲ್ಲ" ಎಂದಳು.

ಆ ಮಾತು ಆ ಮನೆಯಲ್ಲಿ ಅರ್ಥವಾದದ್ದು ಮೂವರಿಗೆ ಮಾತ್ರ. ಅನುಸೂಯಾ ಕುರ್ಚಿಯಿಂದ ಎದ್ದಳು. ನಲ್ಲಿಯಲ್ಲಿ ಕೈ ತೊಳೆದು ಬಂದಳು. ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು, ಮುದುಕನ ಕೈಯಿಂದ ಪಾಯಸದ ಪಾತ್ರೆಯನ್ನೂ ಸೌಟನ್ನೂ ತೆಗೆದುಕೊಂಡಳು. ಅವನು ಸುಮ್ಮನೆ ಕೊಟ್ಟ.

"ಅಕ್ಕಾ, ಕುಂದರು. ನಾ ಕರಿಯಾಕತ್ತೀನಿ. ಊಟಾ ಮಾಡು."

ಹೇಮಾವತಿ ತಲೆಯೆತ್ತಿದಳು. ಹನ್ನೊಂದು ವರ್ಷದಿಂದ ಎದೆಯಲ್ಲಿದ್ದ ಪ್ರಶ್ನೆ ಅದು, ಇಷ್ಟು ದಿನ ಒಂದು ಸಲವೂ ಬಾಯಿಗೆ ಬಂದಿರಲಿಲ್ಲ. ಯಲಬುರ್ಗಾದಲ್ಲಿ ಕೇಳಿದ್ದರೆ ಓಣಿಯೆಲ್ಲ ಕಿವಿಯಾಗುತ್ತಿತ್ತು, ಕುಷ್ಟಗಿಯಲ್ಲಿ ಕೇಳಿದ್ದರೆ ಸೊಸೆ ಬೀಗರಿಗೆಲ್ಲ ಗೊತ್ತಾಗುತ್ತಿತ್ತು. ಇಲ್ಲಿ ಐವತ್ತು ಮಂದಿ ಕಣ್ಣರಳಿಸಿಕೊಂಡು ಕೂತಿದ್ದರೂ ಒಬ್ಬರಿಗೂ ಒಂದಕ್ಷರ ತಿಳಿಯುವಂತಿರಲಿಲ್ಲ. ಅದೇ ಅವಳಿಗೆ ಧೈರ್ಯ ಕೊಟ್ಟಿತು.

"ದುರಗೇಶನ ಲಗ್ನದಾಗ ಯಾಕ ಕರೀಲಿಲ್ಲ?"

ಅನುಸೂಯಾ ಸೌಟನ್ನು ಪಾತ್ರೆಯೊಳಗೆ ಇಳಿಸಿದಳು. ಅಕ್ಕ ಬಿಡಲಿಲ್ಲ. "ಬಾಜಾದವ್ರನ್ನ ಕರದಿ. ಬೀಗರ ಡ್ರೈವರನ್ನ ಕರದಿ. ಮೂರ ತಾಸು ನಿನ್ನ ಬಾಯಿ ನೋಡಕೋತ ಕುಂತಿದ್ದೆ ನಾ" ಎಂದಳು ಹೇಮಾವತಿ.

"ಅವ್ರೆಲ್ಲ ಹೊರಗಿನವ್ರು, ಅಕ್ಕಾ. ಅದಕ್ಕ ಕರದೆ" ಎಂದಳು ಅನುಸೂಯಾ. "ನೀ ಮನಿಯಾಕಿ. ಮನಿಯಾರನ್ನ ಯಾರು ಕರೀತಾರ? ಒಳಗ ಹೋಳಿಗಿ ಸಾಲ್ತಾವೋ ಇಲ್ಲೋ ಅಂತ ನನ್ನ ಜೀವ ಹೋಗಿತ್ತು. ನೀ ಸೆರಗ ಸಿಗಿಸಿಕೊಂಡು ಬರ್ತಿ, ಉಗ್ರಾಣದ ಬಾಗಲಾ ಹಿಡೀತಿ ಅಂತ ಕಾದೆ. ಎರಡ ಸಲ ಹೊರಗ ಬಂದು ನೋಡಿದೆ. ನೀ ಹೊಸಾ ಸೀರಿ ಉಟಗೊಂಡು ಬೀಗರಂಗ ಕುರ್ಚಿ ಮ್ಯಾಲ ಕುಂತಿದ್ದಿ. ನನಗೂ ಸಿಟ್ಟ ಬಂತು. ನಮ್ಮಕ್ಕ ನನ್ನ ಮನಿಗೆ ನೆಂಟರಂಗ ಬಂದಾಳ ಅಂತ ಅನಿಸ್ತು. ನೀ ಹ್ವಾದ ಮ್ಯಾಲ ನಾನೂ ಅವತ್ತ ಉಣ್ಣಲಿಲ್ಲ."

"ಇಷ್ಟ ದಿನ ಯಾಕ ಹೇಳಲಿಲ್ಲ?"

"ನೀ ಎಲ್ಲಿ ಕೇಳಿದಿ?"

ಹೇಮಾವತಿ ಹೊರಗೆ ಕಾಯುತ್ತ ಕೂತಿದ್ದಾಗ ತಂಗಿ ಒಳಗೆ ಕಾಯುತ್ತ ನಿಂತಿದ್ದಳು. ನಡುವೆ ಇದ್ದದ್ದು ಒಂದು ಬಟ್ಟೆಯ ಪರದೆ. ಅದನ್ನು ಸರಿಸಿ ಒಳಗೆ ಕಾಲಿಟ್ಟಿದ್ದರೆ ಸಾಕಿತ್ತು. ತನ್ನ ಮನೆಗೆ ತಾನು ಹೋಗಲು ಕರೆ ಕಾದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಮಾಧಾನವಾಯಿತು. ತಂಗಿ ತನ್ನನ್ನು ಮರೆತಿರಲಿಲ್ಲ. ಕಣ್ಣು ತುಂಬಿ ಬಂತು. ಶುಂಠಿ ಗೊಜ್ಜಿನ ಖಾರ ಎಂಬಂತೆ ಮೂಗೊರೆಸಿಕೊಂಡು ಅವಳು ಕುರ್ಚಿಯಲ್ಲಿ ಕೂತಳು.

"ಹಾಕು" ಎಂದಳು.

ಅನುಸೂಯಾ ಎಲೆಯ ಮೇಲೆ ಪಾಯಸ ಬಡಿಸಿದಳು. ಬೆಲ್ಲ, ಕೊಬ್ಬರಿ ಹಾಲು, ತುಪ್ಪದಲ್ಲಿ ಹುರಿದ ಕೊಬ್ಬರಿ ಚೂರು. ಹೇಮಾವತಿ ಬೆರಳಲ್ಲಿ ಬಳಿದು ಬಾಯಿಗಿಟ್ಟಳು. ಆ ಕಡೆ ಓಬಳೆಪ್ಪ ಕಾಶಿನಾಥನ ತೋಳು ಹಿಡಿದು ಅಮುಕಿದ. ಏನು ನಡೆಯಿತೆಂದು ತಿಳಿಯದಿದ್ದರೂ ಏನೋ ಒಳ್ಳೆಯದಾಯಿತೆಂದು ಸುತ್ತಲಿನವರಿಗೆ ಗೊತ್ತಾಯಿತು. ಮುದುಕ ಪಂಚೆಯ ಚುಂಗಿನಿಂದ ತನ್ನ ಕಣ್ಣೊರೆಸಿಕೊಂಡ. ಅವನದು ಯಾವ ದುಃಖವೋ ಸಂತೋಷವೋ, ಕಾಶಿನಾಥ ಕೇಳಲಿಲ್ಲ.

"ಎರಡಕ್ಕ ಹತ್ತ ಕಮ್ಮಿ ಐತಿ" ಎಂದ ಕಾಶಿನಾಥ ಗಡಿಯಾರ ತೋರಿಸಿ. "ಹಡಗು ಕಾಯಂಗಿಲ್ಲ ಅಂದಾರ."

"ಇನ್ನೊಂದ ಸೌಟು" ಎಂದಳು ಹೇಮಾವತಿ, ತಂಗಿಗೆ.

ಎಲೆ ಬಳಿದು ಮಡಚಿದ ಮೇಲೂ ಅವಳು ಹೊರಡಲಿಲ್ಲ. ಮುಂದಿನ ಪಂಕ್ತಿ ಕೂತಾಗಿತ್ತು. ಉಂಡ ಮನೆಯಲ್ಲಿ ಕೈಯಾಡಿಸದೆ ಹೋಗುವುದು ಅವಳಿಗೆ ಸರಿಬರಲಿಲ್ಲ. ಸೆರಗು ಸಿಗಿಸಿಕೊಂಡು ಅನ್ನದ ಬಕೆಟ್ಟು ಎತ್ತಿದಳು. ಅನುಸೂಯಾ ಬೇಳೆ ಹಿಡಿದಳು. ಇಳಕಲ್ ಸೀರೆಯ ಇಬ್ಬರು ಹೆಂಗಸರು ಕೊಚ್ಚಿಯ ಆ ಮನೆಯಲ್ಲಿ ಒಂದು ಸಾಲು ಪೂರ್ತಿ ಬಡಿಸಿದರು, ಯಲಬುರ್ಗಾದ ಕನ್ನಡದಲ್ಲಿ ಎಲ್ಲರಿಗೂ ಒತ್ತಾಯ ಮಾಡಿದರು, ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದವರಿಗೂ ಬೆರಳ ಸಂದಿಯಿಂದ ಬಡಿಸಿದರು. ಕಾಶಿನಾಥ ಅಂಗಳದಲ್ಲಿ ಶತಪಥ ತಿರುಗಿದ. ಕೊನೆಗೆ ಹೇಮಾವತಿ ಕೂಸಿನ ಮುಷ್ಟಿಯಲ್ಲಿ ನೋಟು ಇಟ್ಟು, ಅದರ ಗಲ್ಲದ ಮೇಲಿದ್ದ ಒಂದು ಅಗುಳನ್ನು ಒರೆಸಿ, ಅಜ್ಜಿಯ ಕೈ ಹಿಡಿದು ಹಣೆಗೊತ್ತಿಕೊಂಡಳು. ಅಜ್ಜಿ ಮಲಯಾಳದಲ್ಲಿ ಏನೋ ಹೇಳಿದಳು, ಹೇಮಾವತಿ ಕನ್ನಡದಲ್ಲಿ ಹೂಂ ಎಂದಳು.

ಬಾಗಿಲಲ್ಲಿದ್ದ ತರುಣನೇ ಆಟೊ ನಿಲ್ಲಿಸಿ ಹತ್ತಿಸಿದ. ಓಬಳೆಪ್ಪ ಡ್ರೈವರನ ಪಕ್ಕದಲ್ಲಿ ಕೂತು, ಭಾಷೆ ಬಾರದಿದ್ದರೂ ಎಲ್ಲಿ ಗೇರು ಬದಲಿಸಬೇಕೆಂದು ಕೈಯಲ್ಲೇ ತಿಳಿಸುತ್ತ ಬಂದ. ಮೂರಕ್ಕೆ ಏಳು ನಿಮಿಷವಿದ್ದಾಗ ಬಂದರಿನ ಗೇಟು ಸಿಕ್ಕಿತು. ಕಾಶಿನಾಥ ಎಲ್ಲರ ಕಾರ್ಡು ಹಿಡಿದು ಮುಂದೆ ಓಡಿದ, ಓಬಳೆಪ್ಪ ಅವನ ಹಿಂದೆ. ಹೊಟ್ಟೆ ತುಂಬಿದ ಅಕ್ಕತಂಗಿಯರಿಗೆ ಓಡುವ ಶಕ್ತಿಯಿರಲಿಲ್ಲ. ಹಡಗಿನ ಏಣಿಯನ್ನು ಒಂದೊಂದೇ ಮೆಟ್ಟಿಲು ಹತ್ತಿದರು. ನಡುವೆ ಉಸಿರು ತೆಗೆದುಕೊಳ್ಳಲು ಹೇಮಾವತಿ ನಿಂತಳು.

"ಅನುಸೂಯಾ."

"ಏನಕ್ಕಾ?"

"ದೀಪಿಕಾನ ಲಗ್ನದಾಗ ನನ್ನ ಊಟಕ್ಕ ಕರೀಬ್ಯಾಡ."

ಅನುಸೂಯಾಳ ಮುಖ ಬಿಳಿಚಿತು. ಈ ಅಕ್ಕನಿಗೆ ಮತ್ತೆ ಏನಾಯಿತೆಂದು ಅವಳು ಏಣಿಯ ಕಂಬಿ ಹಿಡಿದು ನಿಂತಳು.

"ಕರದಿ ಅಂದ್ರ ಅಲ್ಲಿಂದನ ಬಸ್ಸ ಹತ್ತೀನಿ ನೋಡು" ಎಂದಳು ಹೇಮಾವತಿ. "ಉಗ್ರಾಣದ ಕೀಲಿಕೈ ಕೊಡು, ಸಾಕು."